ಕೊಯ್ಯದೆ ಬಿಟ್ಟ ಸಜ್ಜೆ

ಸೀಗಿ ಹುಣ್ಣಿಮೆಯ ಬೆಳಿಗ್ಗೆ ಅಂದಾನಪ್ಪನ ಮುಂದೆ ನಿಂತಿದ್ದ ಪ್ರಶ್ನೆ ಅಂತಿಂಥದಾಗಿರಲಿಲ್ಲ. ದಿಲ್ಲಿಯಲ್ಲಿ ಸರ್ಕಾರ ಬಿದ್ದು ಒಂದು ಮಳೆಗಾಲವೇ ಕಳೆದಿತ್ತು. ಆಲಮಟ್ಟಿಯ ನೀರು ಬಂದು ಬಾಗಲಕೋಟೆ ಮುಳುಗುವುದೆಂಬ ಮಾತಿಗೆ ಹದಿನೈದು ವರ್ಷ ತುಂಬಿ, ಮುಳುಗುವ ಗೋಡೆಗೆ ಸುಣ್ಣ ಯಾಕೆಂದು ಬಾಡಿಗೆ ಮನೆಯ ಮಾಲಕ ಕೈಕಟ್ಟಿ ಕೂತಿದ್ದ. ಇವೆರಡನ್ನೂ ಅಂದಾನಪ್ಪ ಶಾಂತಚಿತ್ತದಿಂದ ತಾಳಿಕೊಂಡಿದ್ದ. ಆದರೆ ಚರಗದ ಊಟಕ್ಕೆ ಕರೆದವರ ಹೊಲಕ್ಕೆ ದುರ್ಬೀನು ಒಯ್ಯಬೇಕೋ ಬೇಡವೋ ಎಂಬುದು ತೀರ್ಮಾನವಾಗದೆ ಅವನಿಗೆ ಎರಡನೆಯ ಚಹಾ ಗಂಟಲಲ್ಲಿ ಇಳಿಯಲೊಲ್ಲದಾಗಿತ್ತು. ಕೊರಳಲ್ಲಿ ದುರ್ಬೀನಿದ್ದರೆ ಅವನು ಕಾಲೇಜಿನಿಂದ ಚಿಗರಿ ನೋಡಲು ಬಂದ ಮಾಸ್ತರ, ಊರವರ ಬಾಯಲ್ಲಿ ‘ಸರ’. ಇಲ್ಲದಿದ್ದರೆ ಮುಂಗೂದಲು ಉದುರಿದ, ಹೋಳಿಗೆ ತಿನ್ನಲು ಬಂದ ಒಬ್ಬ ಗಂಡಸು. ಸರ ಆಗಿ ಹೋದರೆ ಕಂಡದ್ದನ್ನು ಹೇಳಬೇಕಾಗುತ್ತದೆ. ಗಂಡಸಾಗಿ ಹೋದರೆ ಬಡಿಸಿದ್ದನ್ನು ಉಂಡು ಏಳಬಹುದು. ಹೀಗೆ ಎರಡು ಕಡೆಯ ತೂಕವನ್ನೂ ನೋಡಿ, ಯಾವುದೂ ಹಗುರವಲ್ಲವೆಂದು ಕಂಡುಕೊಂಡು, ಅವನು ದುರ್ಬೀನನ್ನು ಗೂಟಕ್ಕೆ ತೂಗುಹಾಕಿ, ಮತ್ತೆ ತೆಗೆದು, ಒರೆಸಿ, ಮತ್ತೆ ತೂಗುಹಾಕಿದ.

“ಏನ್ರಿ, ಅದಕ್ಕೂ ಜಳಕಾ ಮಾಡಸ್ತೀರೇನು?” ಎಂದಳು ಹೆಂಡತಿ ಸಾವಿತ್ರೆವ್ವ. ಅವಳು ಇಲಕಲ್ಲಿನವಳು; ಮಗ್ಗದ ಮನೆಯಲ್ಲಿ ಬೆಳೆದವಳಾದ್ದರಿಂದ ಒಂದೇ ಕೆಲಸವನ್ನು ಹಿಂದಕ್ಕೂ ಮುಂದಕ್ಕೂ ಮಾಡುವುದರಲ್ಲಿ ತಪ್ಪು ಕಾಣುತ್ತಿರಲಿಲ್ಲ, ಕೊನೆಗೆ ಬಟ್ಟೆ ಬರಬೇಕು ಅಷ್ಟೇ. “ಉಣ್ಣಾಕ ಕರದಾರ, ಸರ್ವೇಕ್ಕ ಅಲ್ಲ. ಹೊಲದಾಗ ಹೆಣಮಕ್ಕಳು ಇರ್ತಾರ. ಅದನ್ನ ಕಣ್ಣಿಗೆ ಹಚ್ಚಿಕೊಂಡು ನಿಂತ್ರ ಛಲೋ ಕಾಣಸ್ತದೇನು?”

“ಒಯ್ಯೂದಿಲ್ಲ ಬಿಡು,” ಎಂದ ಅಂದಾನಪ್ಪ. ಎಂದವನು ಅವಳು ನೀರು ತರಲು ಹೋದಾಗ ಅದನ್ನು ಕೈಚೀಲದ ತಳಕ್ಕಿಟ್ಟು, ಮೇಲೆ ಟವೆಲ್ಲು, ಟವೆಲ್ಲಿನ ಮೇಲೆ ಊಟಕ್ಕೆ ಕರೆದ ಹುಲ್ಲಪ್ಪನ ಮನೆಗೆಂದು ತಂದಿದ್ದ ಬಾಳೆಹಣ್ಣು ಇಟ್ಟ. ಹೊರಗೆ ಕಾಲಿಡುವಾಗ ಅವಳು ಚೀಲ ಎತ್ತಿಕೊಟ್ಟು, “ಬಾಳಿಹಣ್ಣು ಈ ವರ್ಷ ಭಾಳ ತೂಕ ಅದಾವ,” ಎಂದಳು. ಅಷ್ಟೇ ಅಂದಳು. ಅದೇ ಹೆಚ್ಚಾಗಿತ್ತು.

ಲೋಕಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಬಾಳೆಹಣ್ಣಿನ ಕೆಳಗಿನ ಗಟ್ಟಿ ಭಾರವನ್ನು ಅನುಭವಿಸುತ್ತ ಅಂದಾನಪ್ಪ ತಾನು ಕಾಲೇಜಿನಲ್ಲಿ ಏನು ಎಂಬುದನ್ನು ನೆನೆಯದಿರಲು ಯತ್ನಿಸಿದ. ಪ್ರಾಣಿಶಾಸ್ತ್ರದ ಡೆಮಾನ್ಸ್ಟ್ರೇಟರು. ಪಾಠ ಹೇಳುವವರು ಬೇರೆ. ಅವರು ಹೇಳಿದ ಕಪ್ಪೆಯನ್ನು ಮೇಣದ ತಟ್ಟೆಯ ಮೇಲೆ ನಾಲ್ಕು ಕಾಲಿಗೂ ಗುಂಡುಸೂಜಿ ಚುಚ್ಚಿ ಅಂಗಾತ ಮಲಗಿಸಿಕೊಡುವುದು ಇವನ ಕೆಲಸ. ಹನ್ನೆರಡು ವರ್ಷದಲ್ಲಿ ಎಷ್ಟು ಕಪ್ಪೆ ಆದವೋ, ಹುಡುಗರು ಇವನಿಗೇ ಆ ಹೆಸರಿಟ್ಟಿದ್ದರು, ಬೋರ್ಡಿನ ಮೇಲೆ ಒಮ್ಮೆ ಚಿತ್ರವನ್ನೂ ಬರೆದಿದ್ದರು. ಅದರಲ್ಲಿ ಹೃದಯದ ಕವಾಟಗಳು ಸರಿಯಾದ ಜಾಗದಲ್ಲಿದ್ದುದರಿಂದ ಅವನಿಗೆ ಸಿಟ್ಟು ಮಾಡಲಾಗಲಿಲ್ಲ. ಚಿಗರಿಗಳೆಂದರೆ ಅವನ ಸ್ವಂತದ್ದು. ತುಳಸಿಗೇರಿ ದಾಟಿ ಎಡಕ್ಕೆ ಹೊಳ್ಳಿದರೆ ಸಿಗುವ ಆ ಸಣ್ಣ ಹಳ್ಳಿಯ ಪಾಳುಬಿದ್ದ ಕಲ್ಲುಮಡ್ಡಿಯಲ್ಲಿ, ಪುಸ್ತಕದಲ್ಲಿ ಕೃಷ್ಣಮೃಗವೆಂದೂ ಊರಲ್ಲಿ ಚಿಗರಿಯೆಂದೂ ಕರೆಸಿಕೊಳ್ಳುವ ಒಂದು ಹಿಂಡನ್ನು ಐದು ವರ್ಷದಿಂದ ರವಿವಾರ ರವಿವಾರ ಹೋಗಿ ನೋಡಿಕೊಂಡು ಬರುತ್ತಿದ್ದ. ಮೊದಲ ವರ್ಷ ಅರವತ್ತರ ಮೇಲಿದ್ದ ಹಿಂಡು ಈಗ ಮೂವತ್ತಕ್ಕೆ ಇಳಿದಿತ್ತು. ವಿಚಿತ್ರವೆಂದರೆ ಸತ್ತ ಚಿಗರಿ ಒಂದೂ ಕಂಡಿರಲಿಲ್ಲ. ಗಂಡುಗಳು ಕೊಂಬು ತಿರುವಿಕೊಂಡು ಠೀವಿಯಿಂದಲೇ ಇದ್ದವು, ಹೆಣ್ಣುಗಳು ವರ್ಷಕ್ಕೊಮ್ಮೆ ಈಯುತ್ತಲೇ ಇದ್ದವು. ಹಿಂಡು ಕರಗುವುದು ದೊಡ್ಡವು ಸತ್ತು ಅಲ್ಲ, ಸಣ್ಣವು ದೊಡ್ಡವಾಗದೆ, ಎಂಬುದು ಅವನಿಗೆ ಮೂರನೆಯ ವರ್ಷ ಹೊಳೆದಾಗ, ಆ ಸಂತೋಷಕ್ಕೆ ಅವನು ಮಡ್ಡಿಯಲ್ಲಿ ಒಬ್ಬನೇ ನಿಂತು ಕೈ ತಟ್ಟಿದ್ದ. ಹಿಂಡೆಲ್ಲ ಚಂಗನೆ ಹಾರಿ ಓಡಿಹೋಗಿತ್ತು. ಅವತ್ತು ಮತ್ತೆ ನೋಡುವುದಕ್ಕೆ ಏನೂ ಸಿಗಲಿಲ್ಲ.

ಮರಿಗಳು ಎಲ್ಲಿ ಹೋಗುತ್ತಿದ್ದವು ಎಂಬುದು ಗುಟ್ಟೇನಲ್ಲ, ಊರಿಗೆಲ್ಲ ಗೊತ್ತಿತ್ತು, ಕೇಳಿದವರಿರಲಿಲ್ಲ. ಚಿಗರಿ ಈದ ಮೇಲೆ ಮರಿಯನ್ನು ಸಜ್ಜೆಯ ನಡುವೆ ಮಲಗಿಸಿ ತಾನು ದೂರ ಹೋಗಿ ಮೇಯುತ್ತದೆ. ಹತ್ತಿರ ನಿಂತರೆ ವೈರಿಗೆ ಗುರುತು ತೋರಿಸಿದಂತೆ ಎಂದು ಅದರ ಲೆಕ್ಕ. ಸುಗ್ಗಿಯಲ್ಲಿ ಕುಡಗೋಲು ಹಿಡಿದು ಬಂದ ಹೆಣ್ಣುಮಕ್ಕಳಿಗೆ ದಂಟಿನ ಬುಡದಲ್ಲಿ ಉಸಿರು ಬಿಗಿಹಿಡಿದು ಬಿದ್ದ ಮರಿ ಸಿಗುತ್ತಿತ್ತು. ಅಯ್ಯ ಶಿವನ, ತಾಯಿಲ್ಲದ ತಬ್ಬಲಿ, ಹೊಲದಾಗ ಬಿಟ್ಟು ಹೋದ್ರ ಪಾಪ ಬರ್ತದ, ಎಂದು ಸೆರಗಿನಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದರು. ಆಡಿನ ಹಾಲು ಕುಡಿಸುತ್ತಿದ್ದರು. ಕೊರಳಿಗೆ ಗೆಜ್ಜೆ ಕಟ್ಟುತ್ತಿದ್ದರು. ಅದು ನಾಲ್ಕೈದು ದಿನ ಮಿಕಿಮಿಕಿ ನೋಡಿ ಸಾಯುತ್ತಿತ್ತು, ಇವರು ಅಳುತ್ತಿದ್ದರು. ಹೀಗೆ ಕರುಣೆಯಿಂದ ಒಂದು ಹಿಂಡೇ ಅರ್ಧವಾಗಿತ್ತು. ಹೋದ ವರ್ಷ ಅಂದಾನಪ್ಪ ಹುಲ್ಲಪ್ಪನ ಮನೆಯ ಕಟ್ಟೆಯ ಮೇಲೆ ಕೂತು, ಸುತ್ತ ಇದ್ದವರಿಗೆಲ್ಲ ಕೇಳುವಂತೆ, ಇಷ್ಟು ವರ್ಷ ಯಾರೂ ಯಾವುದಕ್ಕೂ ಕಿವಿಗೊಡದಿದ್ದ ತನ್ನ ದನಿಯಲ್ಲಿ ಹೇಳಿದ್ದ: ಮರಿಯನ್ನು ಮುಟ್ಟಬೇಡಿ, ಅದರ ತಾಯಿ ಅಲ್ಲೇ ಇದೆ. ಮರಿ ಕಂಡ ಕಡೆ ಒಂದು ಖೋಲಿಯಷ್ಟು ಸಜ್ಜೆ ಕೊಯ್ಯದೆ ಹಾಗೇ ಬಿಟ್ಟುಬಿಡಿ.

ಅವರು ಕೇಳಿದರು. ಅದೇ ಅನಾಹುತವಾಯಿತು. ಕಾಲೇಜಿನಲ್ಲಿ ಕಿಟಕಿ ಮುಚ್ಚಿ ಎಂದರೂ ಯಾರೂ ಮುಚ್ಚದ ಮನುಷ್ಯನ ಮಾತನ್ನು ಇಡೀ ಊರು ಶಿರಸಾ ವಹಿಸಿತು. ಮೂರು ಹೊಲದಲ್ಲಿ ಮೂರು ಮರಿ, ಬಟಾಬಯಲಾದ ಕೊಯ್ದ ಹೊಲದ ನಟ್ಟನಡುವೆ ಮೂರು ಸಜ್ಜೆಯ ಖೋಲಿಗಳು. ಅವಕ್ಕೆ ‘ಸರ್‍ರ ಮನಿ’ ಎಂದು ಹೆಸರೂ ಬಿತ್ತು. ಹುಲ್ಲಪ್ಪನ ಹೆಂಡತಿ ಸಂಗವ್ವ ತನ್ನ ಹೊಲದ ‘ಮನಿ’ಯ ಮೂಲೆಯ ದಂಟಿಗೆ ಕುಪ್ಪಸಕ್ಕೆಂದು ಇಟ್ಟ ಬಟ್ಟೆಯ ಒಂದು ಕೆಂಪು ಕಣವನ್ನೂ ಕಟ್ಟಿದಳು. ಅಲ್ಲಿಗೆ ಸೀಗಿ ಹುಣ್ಣಿಮೆ ಬಂತು. ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟ ಉಣಿಸುವ ದಿನ. ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಮಾಡಿದ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿ, ಹುಲಿಗ್ಯೋ ಎಂದು ಕೂಗುತ್ತ ಹೊಲದ ತುಂಬ ಚರಗ ಚೆಲ್ಲಬೇಕು. ಸಜ್ಜೆಯೆಲ್ಲ ಕೊಯ್ದ ಹೊಲದಲ್ಲಿ ನಿಂತಿದ್ದು ಇದೊಂದೇ ಅಂದಮೇಲೆ ಲಕ್ಷ್ಮಿ ಇಲ್ಲೇ ಕೂತಿದ್ದಾಳೆ ಎಂದು ಮೂರೂ ಹೊಲದವರು, ಒಬ್ಬರನ್ನೊಬ್ಬರು ಕೇಳದೆ, ಕಲ್ಲುಗಳನ್ನು ‘ಸರ್‍ರ ಮನಿ’ಯ ಬಾಗಿಲಲ್ಲೇ ಇಟ್ಟರು. ಕಡಬು, ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಎಲ್ಲ ಅಲ್ಲೇ ಚೆಲ್ಲಿದರು. ಚರಗದ ಬುಟ್ಟಿಯ ಹಿಂದೆ ಊರ ನಾಯಿಗಳು ಬರುವುದು ಬುಟ್ಟಿ ಹುಟ್ಟಿದಾಗಿನಿಂದ ಇದೆ. ಮರುದಿನ ನಸುಕಿನಲ್ಲಿ ಅಂದಾನಪ್ಪ ಹೋಗಿ ನೋಡಿದಾಗ ಕಪ್ಪು ಮಣ್ಣಿನ ಮೇಲೆ ಅನ್ನದ ಅಗುಳು, ಅಗುಳಿನ ಸುತ್ತ ನಾಯಿಹೆಜ್ಜೆ, ಹೆಜ್ಜೆಗಳ ನಡುವೆ ಒಂದು ಸಣ್ಣ ಗೊರಸು. ಮೂರೂ ಕಡೆ ಹಾಗೇ.

ಅವನು ಹೊಲದಿಂದ ಎದ್ದು ಬರುವಾಗ ಬದುವಿನ ಮೇಲೆ ಜಾಫರಸಾಬ ಸಿಕ್ಕಿದ್ದ. ಹುಲ್ಲಪ್ಪನ ಬಾಜೂ ಹೊಲದವನು, ಆಡು ಸಾಕಿದವನು, ಮಾತಿನ ಮಲ್ಲ. “ಮೂರೂ ಹೋದುವಂತಲ್ರಿ ಸರ. ತ್ವಾಳನ ಕೆಲಸ. ಹೌದಿಲ್ರಿ?” ಎಂದು ಕೇಳಿದ. ಕೇಳಿದವನ ಕಣ್ಣಲ್ಲಿ ದುಃಖವಿತ್ತು. ಹಿಂದೆ ಸಂಗವ್ವ ನಿಂತಿದ್ದಳು, ಅವಳ ಕೈಯಲ್ಲಿ ದಂಟಿನಿಂದ ಬಿಚ್ಚಿದ ಕೆಂಪು ಕಣವಿತ್ತು. ಅಂದಾನಪ್ಪ, “ಇರಬಹುದು,” ಎಂದ. ವಿಜ್ಞಾನದಲ್ಲಿ ಅದು ತಪ್ಪಲ್ಲದ ಮಾತು. ಯಾವುದು ಬೇಕಾದರೂ ಇರಬಹುದು. ದೀಪಾವಳಿ ಕಳೆದ ಮೇಲೆ ಊರಿನ ಗಂಡಸರು ಮಡ್ಡಿಯ ತೋಳದ ಗವಿಯ ಬಾಯಿಗೆ ಹಸಿ ಸೊಪ್ಪು ತುರುಕಿ ಹೊಗೆ ಹಾಕಿದರು. ತಾಯಿ ತಪ್ಪಿಸಿಕೊಂಡಿತು. ಒಳಗಿದ್ದ ನಾಲ್ಕು ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವನ್ನು ಸಾಲಾಗಿ ಮಲಗಿಸಿ ಜಾಫರಸಾಬ ಇವನಿಗೆ ಹೇಳಿಕಳಿಸಿದ್ದ: ಸರ್‍ರ ಚಿಗರಿ ತಿಂದದ್ದಕ್ಕ ನಾವು ಸಾಟಿ ಮಾಡೇವಿ, ಬಂದು ನೋಡ್ಲಿ. ಇವನು ಹೋಗಿ ನೋಡಿದ್ದ. ಅಳತೆ ತೆಗೆದುಕೊಂಡಿದ್ದ ಸಹ.

ಈ ಎಲ್ಲದರ ಮೇಲೆ, ವಿಭಾಗದ ಮುಖ್ಯಸ್ಥ ಸಂಗಯ್ಯನವರು ಹುಬ್ಬಳ್ಳಿಯ ಒಂದು ಸಭೆಯಲ್ಲಿ ‘ನಾವು ಹಳ್ಳಿಗರ ಸಹಕಾರದಿಂದ ಸಜ್ಜೆಯಲ್ಲಿ ನಿರ್ಮಿಸಿದ ಆಶ್ರಯಗಳು’ ಎಂದು ಭಾಷಣ ಮಾಡಿ ಹಾರ ಹಾಕಿಸಿಕೊಂಡು ಬಂದಿದ್ದರು. ತನ್ನ ಹೆಸರು ಅದರಲ್ಲಿ ಬರಲಿಲ್ಲವೆಂದು ಅಂದಾನಪ್ಪನಿಗೆ ಒಂದು ವಾರ ಸಂಕಟವಾಗಿತ್ತು. ಎಂಟನೆಯ ದಿನ, ಬರದಿದ್ದದ್ದೇ ಒಳ್ಳೆಯದಾಯಿತು ಎಂದು ಹೊಳೆದು ಸಂಕಟ ಇನ್ನೊಂದು ಜಾಗಕ್ಕೆ ಹೋಗಿ ಕೂತಿತು.

“ತುಳಸಿಗೇರಿ ಹನಮಪ್ಪನ ಗುಡಿಯವ್ರು ಇಳೀರಿ,” ಎಂದು ಕಂಡಕ್ಟರ್ ಕೂಗಿದ. ಮುಂದಿನ ಸ್ಟಾಪಿನಲ್ಲಿ ಅಂದಾನಪ್ಪ ಇಳಿದಾಗ ಹುಲ್ಲಪ್ಪ ಚಕ್ಕಡಿ ಕಟ್ಟಿಕೊಂಡು ಕಾಯುತ್ತಿದ್ದ. ಎತ್ತಿನ ಕೊರಳಿಗೆ ಹೊಸ ಹುರಿಗೆಜ್ಜೆ, ಹುಲ್ಲಪ್ಪನ ತಲೆಗೆ ಹೊಸ ಪಟಗ.

“ಬರ್ರಿ ಸರ, ಬರ್ರಿ. ಅವ್ವಾರನ್ನ ಕರಕೊಂಡ ಬರಲಿಲ್ಲೇನ್ರಿ?”

“ಆಕೀಗೆ ಆರಾಮಿಲ್ಲ,” ಎಂದ ಅಂದಾನಪ್ಪ. ಅವಳಿಗೆ ಆರಾಮಿತ್ತು. ಅವಳ ಎದುರು ಹೇಳಲಾಗದ್ದು ಯಾವುದೋ ಇವತ್ತು ಹೇಳಬೇಕಾದೀತೆಂದು ಅವನೇ ಕರೆದಿರಲಿಲ್ಲ.

ಚಕ್ಕಡಿಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿಗಳ ನಡುವೆ ಸಂಗವ್ವ ಕೂತಿದ್ದಳು. ಅವಳು ಕೂತ ರೀತಿಯಲ್ಲೇ ಅಡುಗೆ ಅವಳದೆಂಬುದು ಗೊತ್ತಾಗುತ್ತಿತ್ತು. “ಸರ, ಈ ವರ್ಷ ಒಂದ ಮರಿ. ಒಂದ ಆದ್ರೂ ನಮ್ಮ ಹೊಲದಾಗ ಐತಿ. ಹ್ವಾದ ವರ್ಷದಕ್ಕಿಂತ ದೊಡ್ಡ ಮನಿ ಬಿಟ್ಟೇವಿ ನೋಡ್ರಿ ನಿಮ್ಮದು. ಇವ್ರು ಇಷ್ಟ ಸಾಕು ಅಂದ್ರು. ನಾ ಅಂದೆ, ಸರ್‍ರ ಮನಿ ಅಂದಮ್ಯಾಲ ಪಡಸಾಲಿ ಬ್ಯಾಡೇನು?”

“ಭಾಳ ಛಲೋ ಆತು,” ಎಂದ ಅಂದಾನಪ್ಪ. ಆ ಮಾತು ಹೊರಗೆ ಹೋಗುವುದನ್ನು ಅವನೇ ನೋಡಿದ, ಬೇರೆ ಯಾರದೋ ಕೋಳಿ ಬೀದಿಗೆ ಹೋಗುವುದನ್ನು ನೋಡಿದ ಹಾಗೆ. ಒಂದು ತಿಂಗಳಿಂದ ಇದೇ ಆಗುತ್ತಿತ್ತು. ಬಿಡಬೇಡಿ, ಪೂರ್ತಿ ಕೊಯ್ದುಬಿಡಿ, ಮರಿ ತಾನೇ ಎದ್ದು ತಾಯಿಯ ಹಿಂದೆ ತೊಗರಿಯೊಳಕ್ಕೆ ಹೋಗುತ್ತದೆ ಎಂದು ಹೇಳಲೆಂದೇ ಅವನು ಮೂರು ರವಿವಾರ ಬಂದಿದ್ದ. ಹೇಳಬೇಕಾದರೆ, ಹೋದ ವರ್ಷ ಹೇಳಿದ್ದು ತಪ್ಪು ಎನ್ನಬೇಕು. ತಪ್ಪೆಂದು ಯಾವಾಗ ತಿಳಿಯಿತು ಎಂದರೆ, ಮರುದಿನವೇ ಎನ್ನಬೇಕು. ಮತ್ತೆ ತೋಳದ ಗವಿಗೆ ಹೊಗೆ ಹಾಕಿದ ಮೇಲಾದರೂ ಯಾಕೆ ಹೇಳಲಿಲ್ಲ ಎಂದರೆ, ಟೇಪು ಹಿಡಿದು ಮರಿಗಳ ಅಳತೆ ತೆಗೆಯುತ್ತಿದ್ದೆ ಎನ್ನಬೇಕು. ಈ ಮೂರು ಉತ್ತರಗಳು ಒಂದರ ಬಾಲ ಇನ್ನೊಂದು ಹಿಡಿದು ಬರುತ್ತಿದ್ದುದರಿಂದ ಅವನು ಮೂರು ರವಿವಾರವೂ ಚಹಾ ಕುಡಿದು ವಾಪಸು ಹೋಗಿದ್ದ.

ಚಕ್ಕಡಿಯ ಹಿಂದೆ ನಾಯಿಗಳು ಬರುತ್ತಿದ್ದವು. ಮುಂದಾಳು ಹುಲ್ಲಪ್ಪನದೇ ಮೋತಿ, ಒಂದು ಕಿವಿ ಹರಿದ ಕಂದು ನಾಯಿ. ಅದು ಅಂದಾನಪ್ಪನನ್ನು ಗುರುತಿಸಿ ಬಾಲ ಅಲ್ಲಾಡಿಸಿತು.

ಹೊಲ ಹೋದ ವರ್ಷದ ಹಾಗೇ ಇತ್ತು. ಒಂದು ಪಟ್ಟಿಯಲ್ಲಿ ತೊಗರಿ ಹಳದಿ ಹೂವು ಬಿಟ್ಟು ನಿಂತಿತ್ತು. ಇನ್ನೊಂದರಲ್ಲಿ ಕೊಯ್ದ ಸಜ್ಜೆಯ ಕೂಳೆ, ನಡುವೆ ಪಡಸಾಲೆಯೂ ಇದ್ದ ‘ಸರ್‍ರ ಮನಿ’. ಕೆಂಪು ಕಣ ಗಾಳಿಗೆ ಹಾರುತ್ತಿತ್ತು. ಅದು ತನ್ನ ತಲೆಯಿಂದ ಹೊರಬಂದ ವಿಚಾರ. ಇಷ್ಟು ದೂರದಿಂದ ಇಷ್ಟು ಸ್ಪಷ್ಟವಾಗಿ ಕಾಣುವ ವಿಚಾರವನ್ನು ಅವನು ಬದುಕಿನಲ್ಲಿ ಇನ್ನೊಂದು ಮಾಡಿರಲಿಲ್ಲ. ಗಂಡಸರು ಬನ್ನಿಗಿಡದ ಕೆಳಗೆ ಕಂಬಳಿ ಹಾಸಿದರು, ಜಾಫರಸಾಬ ತನ್ನ ಹೊಲದಿಂದ ಹಸಿ ಶೇಂಗಾ ಕಿತ್ತುಕೊಂಡು ಬಂದ. ಅಂದಾನಪ್ಪ ಚೀಲದಿಂದ ಬಾಳೆಹಣ್ಣು ತೆಗೆದುಕೊಟ್ಟ. ಆಮೇಲೆ ಟವೆಲ್ಲು ತೆಗೆದು ಬೆವರು ಒರೆಸಿಕೊಂಡ. ಆಮೇಲೆ ಚೀಲದಲ್ಲಿ ಉಳಿದದ್ದು ಒಂದೇ.

“ತಗೀರಿ, ತಗೀರಿ,” ಎಂದ ಜಾಫರಸಾಬ. “ಬಿಟ್ಟ ಬರ್ತೀರಿ ಅಂತ ನಾವೇನ್ ತಿಳಕೊಂಡಿದ್ದಿಲ್ಲ. ಮುಲ್ಲಾ ಜಪಮಾಲಿ ಬಿಟ್ಟಾನು, ಸರ ದುರ್ಬೀನ ಬಿಡಾಂಗಿಲ್ಲ.”

ಅಂದಾನಪ್ಪ ಕಣ್ಣಿಗಿಟ್ಟುಕೊಂಡ. ಎಡಗಡೆಯ ಗಾಜಿಗೆ ಬೂಸಲು ಹಿಡಿದಿದ್ದರಿಂದ ಲೋಕ ಆ ಬದಿಗೆ ಯಾವಾಗಲೂ ಮಂಜಿನಲ್ಲಿರುತ್ತಿತ್ತು. ಬಲಗಡೆಯಲ್ಲಿ, ಮಡ್ಡಿಯ ಏರಿನ ಮೇಲೆ, ಒಂದು ಹೆಣ್ಣು ಚಿಗರಿ ಒಂಟಿಯಾಗಿ ನಿಂತಿತ್ತು. ಮೇಯುತ್ತಿರಲಿಲ್ಲ. ತಲೆ ಎತ್ತಿ, ಕಿವಿ ಮುಂದೆ ಮಾಡಿ, ನೇರ ಇತ್ತ ನೋಡುತ್ತಿತ್ತು. ಅದು ನೋಡುತ್ತಿದ್ದುದು ಇವರನ್ನಲ್ಲ. ಆ ನೋಟವನ್ನು ಗೆರೆ ಎಳೆದರೆ ಕೆಂಪು ಕಣಕ್ಕೆ ಬಂದು ಮುಟ್ಟುತ್ತಿತ್ತು. ಮರಿ ಒಳಗೇ ಇದೆ. ಎಲ್ಲಿಯಾದರೂ ಎದ್ದು ಹೋಗಿರಬಹುದೆಂದು ಅವನು ಬಸ್ಸಿನುದ್ದಕ್ಕೂ ಆಸೆ ಇಟ್ಟುಕೊಂಡಿದ್ದ. ಹೋಗಿದ್ದರೆ ಹೋಳಿಗೆ ಉಣ್ಣಬಹುದಿತ್ತು.

“ಹುಲ್ಲಪ್ಪಾ,” ಎಂದ, ದುರ್ಬೀನು ಇಳಿಸದೆ, “ಈ ನಾಯಿಗಳನ್ನ ಒಂದಿಷ್ಟು ಹೊತ್ತು ಕಟ್ಟಾಕ ಬರ್ತದೇನು?”

ಸಂಗವ್ವ, ಎಳೆಕೂಸಿಗೆ ಹೇಳುವ ಹಾಗೆ, “ಚರಗದ ದಿನ ನಾಯಿ ಕಟ್ಟತಾರೇನ್ರಿ ಸರ?” ಎಂದಳು. “ಭೂಮ್ತಾಯಿ ಊಟಾ ಇದು. ಹಕ್ಕಿ ತಿನ್ಲಿ, ಇರವಿ ತಿನ್ಲಿ, ನಾಯಿ ತಿನ್ಲಿ. ಹಸದ್ದನ್ನ ಕಟ್ಟಿ ಹಾಕಿ ಆಕೀಗೆ ಉಣಸಿದ್ರ ಆಕಿ ಉಣ್ತಾಳೇನು?”

“ಸರ್‍ಗ ಮೋತಿ ಕಂಡ್ರ ಅಂಜಿಕಿ,” ಎಂದ ಜಾಫರಸಾಬ. “ಕಪ್ಪಿ ಕಚ್ಚೂದಿಲ್ಲಲ್ಲ, ಅದಕ್ಕ ಅದರ ಕೂಡ ಕೆಲಸ.”

ಎಲ್ಲರೂ ನಕ್ಕರು. ಅಂದಾನಪ್ಪನೂ ನಕ್ಕ. ಕಪ್ಪೆಯ ಸುದ್ದಿ ಇಷ್ಟು ದೂರ ಬಂದದ್ದು ಹೇಗೆ ಎಂಬ ಯೋಚನೆಯಲ್ಲಿ ಅವನ ಒಂದು ಅಮೂಲ್ಯ ನಿಮಿಷ ಹೋಯಿತು. ಯಾರೋ ಊರಿನ ಹುಡುಗ ಅದೇ ಕಾಲೇಜಿನಲ್ಲಿ ಇರಬೇಕು. ಇದ್ದರೆ ಬೋರ್ಡಿನ ಚಿತ್ರ ಬರೆದವನು ಅವನೇ ಇರಬಹುದು. ಕವಾಟಗಳನ್ನು ಸರಿಯಾಗಿ ಬರೆದಿದ್ದ, ಪಾಸಾಗುತ್ತಾನೆ. ಅಷ್ಟರಲ್ಲಿ ಸಂಗವ್ವ ಐದು ಕಲ್ಲುಗಳನ್ನು ತೊಳೆದು ‘ಸರ್‍ರ ಮನಿ’ಯ ಪಡಸಾಲೆಯಲ್ಲಿ ಇಟ್ಟು, ಸುಣ್ಣ ಹಚ್ಚಿ, ವಿಭೂತಿ ಇಟ್ಟು, ಕಾಯಿ ಒಡೆದಳು. ಕಾಯಿ ಒಡೆದ ಸದ್ದಿಗೆ ಏರಿನ ಮೇಲಿನ ಚಿಗರಿ ಎರಡು ಹೆಜ್ಜೆ ಮುಂದೆ ಬಂದು ನಿಂತದ್ದನ್ನು ಅಂದಾನಪ್ಪ ಬರಿಗಣ್ಣಲ್ಲೇ ಕಂಡ. ಸಜ್ಜೆಯ ಒಂದು ದಂಟೂ ಅಲ್ಲಾಡಲಿಲ್ಲ. ಒಳಗೆ ಅದು ನೆಲಕ್ಕೆ ಕತ್ತು ಚಾಚಿ, ಕಿವಿ ಮಡಚಿ, ಮಣ್ಣಾಗಿ ಬಿದ್ದಿರುತ್ತದೆ. ತಾಯಿ ಕಲಿಸಿದ್ದು ಅಷ್ಟೇ: ಏನು ಬಂದರೂ ಅಲ್ಲಾಡಬೇಡ. ಆ ವಿದ್ಯೆಯಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂದುಕೊಂಡ ಅಂದಾನಪ್ಪ.

ಪೂಜೆ ಮುಗಿಯಿತು. ಹುಲ್ಲಪ್ಪ ಚರಗದ ಬುಟ್ಟಿ ತಂದಿಟ್ಟ. ಕಡಬು, ಕರ್ಚಿಕಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರನ್ನ ಎಲ್ಲ ಒಂದಾಗಿ ಕಲಸಿಕೊಂಡು ಘಮಘಮ ಎನ್ನುತ್ತಿತ್ತು. ನಾಯಿಗಳು ಅರ್ಧಚಂದ್ರದ ಆಕಾರದಲ್ಲಿ ಕೂತವು, ಮೋತಿ ನಡುವೆ.

“ಚರಗಾ ಚೆಲ್ಲೂಕಿಂತ ಮೊದಲ ಸರ ಎರಡ ಮಾತು ಹೇಳ್ಲಿ,” ಎಂದ ಹುಲ್ಲಪ್ಪ. “ಇಷ್ಟ ಓದಿದವ್ರು ನಮ್ಮ ಹೊಲದ ಮರೀನ ತಮ್ಮ ಮಕ್ಕಳಂಗ ನೋಡಿಕೊಂಡಾರ. ಹೇಳ್ರಿ ಸರ.”

ಅಂದಾನಪ್ಪ ಎದ್ದು ನಿಂತ. ಹನ್ನೆರಡು ವರ್ಷದಲ್ಲಿ ಅವನಿಗೆ ಸಿಕ್ಕ ಮೊದಲ ಭಾಷಣ. ಎಲ್ಲರ ಮುಖಗಳೂ ಅವನ ಕಡೆಗಿದ್ದವು, ನಾಯಿಗಳವು ಬಿಟ್ಟು. “ನಾನು ಹೋದ ವರ್ಷ,” ಎಂದು ಆರಂಭಿಸಿದ, ಕಾಲೇಜಿನ ಕನ್ನಡ ತಾನಾಗಿ ಬಂದುಬಿಟ್ಟಿತು, “ಒಂದು ಸಲಹೆಯನ್ನು ನೀಡಿದ್ದೆ. ಆ ಸಲಹೆಯು...” ಸಂಗವ್ವ ಸೆರಗು ಸರಿಮಾಡಿಕೊಂಡು ಗದ್ದಕ್ಕೆ ಕೈಯಿಟ್ಟು ಕೇಳುತ್ತಿದ್ದಳು. ಅವಳ ಹಣೆಯ ಮೇಲೆ ಬೆಳಗಿನ ವಿಭೂತಿ ಒಲೆಯ ಮುಂದಿನ ಬೆವರಿಗೆ ಅರ್ಧ ಅಳಿಸಿತ್ತು. “ಆ ಸಲಹೆಯು ನಿಮ್ಮ ಸಹಕಾರದಿಂದ...” ಎಂದ. ಅದು ಸಂಗಯ್ಯನವರ ಹುಬ್ಬಳ್ಳಿಯ ವಾಕ್ಯ. ಅದರ ಕೊನೆಗೆ ಹಾರವಿತ್ತು, ಚಪ್ಪಾಳೆಯಿತ್ತು, ಅದು ಇಳಿಜಾರಿನ ಚಕ್ಕಡಿಯ ಹಾಗೆ ತಾನೇ ಮುಂದೆ ಹೋಗುತ್ತಿತ್ತು. ಅವನು ನಿಲ್ಲಿಸಿದ. ಬಾಯಿ ತೆರೆದೇ ಇತ್ತು.

“ಕಣ್ಣಾಗ ನೀರ ಬಂತು ಸರ್‍ಗ,” ಎಂದ ಜಾಫರಸಾಬ. “ಸಾಕ ಬಿಡಪಾ, ತ್ರಾಸ ಕೊಡಬ್ಯಾಡ. ನೀ ಚೆಲ್ಲು.”

ಹುಲ್ಲಪ್ಪ ಕೆರವು ಬಿಟ್ಟ. ಧೋತರ ಎತ್ತಿ ಕಟ್ಟಲು ಬಗ್ಗಿದ. ಬುಟ್ಟಿ ನೆಲದ ಮೇಲಿತ್ತು, ‘ಸರ್‍ರ ಮನಿ’ ಅಲ್ಲಿಂದ ಹತ್ತು ಮಾರು. ಅಂದಾನಪ್ಪನಿಗೆ ಆಮೇಲೆ ಎಷ್ಟು ನೆನೆಸಿಕೊಂಡರೂ ತಾನು ನಿರ್ಧಾರ ಮಾಡಿದ ಕ್ಷಣ ಸಿಗಲಿಲ್ಲ. ಸಿಕ್ಕಿದ್ದು ಇಷ್ಟೇ: ತಲೆಯ ಮೇಲೆ ಬುಟ್ಟಿಯಿತ್ತು, ಮೊಸರು ಕಿವಿಯ ಹಿಂದೆ ಇಳಿಯುತ್ತಿತ್ತು, ಕೂಳೆ ಚಪ್ಪಲಿಯೊಳಗೆ ಚುಚ್ಚುತ್ತಿತ್ತು, ಕೊರಳಿನ ದುರ್ಬೀನು ಎದೆಯ ಎಲುಬಿಗೆ ದಬದಬ ಬಡಿಯುತ್ತಿತ್ತು, ಮತ್ತು ಯಾರೋ ಕೀರಲು ದನಿಯಲ್ಲಿ ಹುಲಿಗ್ಯೋ ಹುಲಿಗ್ಯೋ ಎಂದು ಒದರುತ್ತಿದ್ದರು. ಆ ದನಿ ತನ್ನದೆಂದು ಅವನಿಗೆ ಬದುವಿನ ಹತ್ತಿರ ತಿಳಿಯಿತು. ಕರ್ಚಿಕಾಯಿಗಳನ್ನು ಹಿಂದಕ್ಕೆ ಎಸೆಯುತ್ತ, ಸಜ್ಜೆಗೆ ಬೆನ್ನು ಮಾಡಿ ಅವನು ಓಡುತ್ತಿದ್ದ. ನಾಯಿಗಳು, ಇಂಥ ಚರಗವನ್ನು ಪೂರ್ವಜನ್ಮದಲ್ಲೂ ಕಂಡಿರದಿದ್ದ ನಾಯಿಗಳು, ಒಂದೂ ಹಿಂದೆ ಉಳಿಯದೆ ಅವನ ಬೆನ್ನು ಹತ್ತಿದ್ದವು. ಬದು ಹಾರಿದ. ಅಷ್ಟು ಎತ್ತರ ಹಾರಬಲ್ಲೆನೆಂದು ಅವನಿಗೆ ಗೊತ್ತಿರಲಿಲ್ಲ. ಆಚೆ ತೊಗರಿಯ ಸಾಲುಗಳ ನಡುವೆ ಎರಡೂ ಕೈಯಿಂದ ಚೆಲ್ಲುತ್ತ, ಹಳ್ಳದ ದಂಡೆಯತನಕ ಹೋಗಿ, ಅಲ್ಲಿ ಕಾಲು ಜಾರಿ ಕೂತ. ಮೋತಿ ಬುಟ್ಟಿಯೊಳಗೆ ತಲೆ ಹಾಕಿತ್ತು. ಇನ್ನೊಂದು ನಾಯಿ ಅವನ ಕಿವಿಯ ಹಿಂದಿನ ಮೊಸರು ನೆಕ್ಕಿತು. ಅವನು ಅದನ್ನು ಬೇಡವೆನ್ನಲಿಲ್ಲ.

ಅವನು ಖಾಲಿ ಬುಟ್ಟಿ ಹಿಡಿದು ವಾಪಸು ಬಂದಾಗ ಬನ್ನಿಗಿಡದ ಕೆಳಗೆ ಎಲ್ಲರೂ ನಿಂತೇ ಇದ್ದರು. ಹುಲ್ಲಪ್ಪನ ಧೋತರ ಇನ್ನೂ ಅರ್ಧ ಕಟ್ಟಿದ ಹಾಗೇ ಇತ್ತು. ಆಗ ಅಂದಾನಪ್ಪ ಹೇಳಿದ. ಒಂದು ವರ್ಷ ಹೇಳಲಾಗದ್ದು, ಉಸಿರಿಲ್ಲದ್ದಕ್ಕೋ ಏನೋ, ಸರಾಗವಾಗಿ, ಊರ ಮಾತಿನಲ್ಲೇ ಬಂತು. “ಹ್ವಾದ ವರ್ಷ ಮೂರೂ ಮರಿ ಹಿಡದದ್ದು ನಾಯಿ. ತ್ವಾಳ ಅಲ್ಲ. ಬಯಲಾಗ ಇದೊಂದ ಬಿಡ್ರಿ ಅಂತ ಹೇಳಿದಾಂವ ನಾ. ಚರಗಾ ಇಲ್ಲೇ ಬಿತ್ತು, ನಾಯಿ ಇಲ್ಲೇ ಬಂದೂವು. ಮರದಿನಾನ ನನಗ ಗೊತ್ತಾಗಿತ್ತು. ತ್ವಾಳನ ಗವಿಗೆ ಹೊಗಿ ಹಾಕಿದಾಗೂ ಗೊತ್ತಿತ್ತು. ಸುಮ್ನಿದ್ದೆ. ಆ ನಾಲ್ಕು ಕೂಸಿನ ಪಾಪ ನನ್ನ ಪಾಲಿಂದು.”

ಹೇಳಿ ಮುಗಿಸಿ ಅವನು ಕಾದ. ಭೂಮಿ ಬಿರಿಯಬೇಕೆಂದೇನೂ ಅವನ ನಿರೀಕ್ಷೆಯಿರಲಿಲ್ಲ. ಯಾರಾದರೂ ಬಯ್ಯಬಹುದು, ಉಗುಳಬಹುದು, ಅಷ್ಟು ಸಾಕಾಗುತ್ತಿತ್ತು.

“ತ್ವಾಳನ ಮಾತ ಬಿಡ್ರಿ,” ಎಂದಳು ಸಂಗವ್ವ. “ನಮ್ಮ ಚರಗಾ ನೀವ್ಯಾಕ ಚೆಲ್ಲಿದ್ರಿ? ಅದನ್ನ ಹೇಳ್ರಿ.”

“ನಾಯಿಗೋಳು ಆಕಡೆ ಹೋಗ್ಲಿ ಅಂತ...”

“ಮನಿ ಗಂಡಸು ಇನ್ನೂ ನಿಂತಾನ. ಬೀಗರಲ್ಲ ಬಿಜ್ಜರಲ್ಲ, ಹೊರಗಿನವ್ರು ನಮ್ಮ ಬುಟ್ಟಿ ಹೊತಗೊಂಡು ಹೋದ್ರಿ. ನಮ್ಮ ಹೊಲದಾಗ ಒಂದ ಅಗಳ ಬಿದ್ದಿಲ್ಲ. ಮೂರ ದಿನ ಮಡಿಲೆ ಮಾಡಿದ್ದು, ಎಲ್ಲಾ ಒಯ್ದು ಯಾರ ಹೊಲದಾಗ ಚೆಲ್ಲಿದ್ರಿ? ಕಣ್ಣ ತೆರದ ನೋಡ್ರಿ!”

ಅಂದಾನಪ್ಪ ತಿರುಗಿ ನೋಡಿದ. ಬದುವಿನ ಆಚೆಯ ತೊಗರಿ ಜಾಫರಸಾಬನದು.

“ನಾ ಕರದಿಲ್ಲವಾ ತಂಗಿ,” ಎಂದ ಜಾಫರಸಾಬ, ಎರಡೂ ಕೈ ಎತ್ತಿ. “ಖರೇನ ಹೇಳ್ತೇನಿ. ಬಂದು ಬಿತ್ತು, ನಾ ಏನ್ ಮಾಡ್ಲಿ? ಆರಿಸಿ ವಾಪಸ ಕೊಡಾಕೂ ಬರೂದಿಲ್ಲ, ನಾಯಿ ತಿಂದಾವ.”

ಹುಲ್ಲಪ್ಪ ಧೋತರ ಬಿಚ್ಚಿ ಮೊದಲಿನಂತೆ ಉಟ್ಟುಕೊಂಡ. ಬುಟ್ಟಿಯನ್ನು ಅಂದಾನಪ್ಪನ ಕೈಯಿಂದ ತೆಗೆದುಕೊಂಡು, ಒಳಗೆ ನೋಡಿ, ಬೋರಲು ಹಾಕಿ ತಟ್ಟಿದ. ಏನೂ ಬೀಳಲಿಲ್ಲ. “ಉಣ್ಣಾಕ ಕುಂದರ್ರಿ ಸರ,” ಎಂದ. ಕರೆದವರನ್ನು ಉಣ್ಣಿಸದೆ ಕಳಿಸುವ ರೂಢಿ ಅವರಲ್ಲಿರಲಿಲ್ಲ. ಅಂದಾನಪ್ಪ ಕೂತು ಉಂಡ. ಸಂಗವ್ವ ಹೋಳಿಗೆ ಬಡಿಸಿದಳು, ತುಪ್ಪ ಹಾಕಿದಳು, ಇನ್ನೊಂದು ಎಂದು ಕೇಳಲಿಲ್ಲ. ಸಜ್ಜೆಯ ಕಡೆ ಹೋಗಿ ಮರಿ ಇದೆಯೇ ಎಂದು ನೋಡಬೇಕೆನ್ನಿಸಿತು. ನೋಡಲು ಹೋದರೆ ಮೋತಿ ಹಿಂದೆ ಬರುತ್ತದೆ. ಹೊಟ್ಟೆ ತುಂಬಿದ ಮೋತಿ ಅವನ ಕಾಲ ಬಳಿಯೇ ಮಲಗಿತ್ತು. ಅವನು ಕೂತಲ್ಲೇ ಕೂತ, ಹೋಳಿಗೆ ಮುರಿದ, ನೋಡಲಿಲ್ಲ. ಐದು ವರ್ಷದಲ್ಲಿ ಅವನು ಆ ಹಿಂಡಿಗೆ ಮಾಡಿದ ಅತ್ಯಂತ ಕಷ್ಟದ ಕೆಲಸ ಅದಾಗಿತ್ತು, ಅದನ್ನು ಯಾರೂ ಕಾಣಲಿಲ್ಲ.

ವಾಪಸು ಬಸ್‌ಸ್ಟಾಪಿಗೆ ಚಕ್ಕಡಿ ಕಟ್ಟಲಿಲ್ಲ. ನಡೆದು ಹೋದ.

ಮರಿ ಉಳಿಯಿತು. ದೀಪಾವಳಿಯ ಹೊತ್ತಿಗೆ ತಾಯಿಯ ಜೊತೆ ಹಿಂಡಿನಲ್ಲಿ ಓಡಾಡುತ್ತಿದ್ದುದನ್ನು ಅಂದಾನಪ್ಪ ರಸ್ತೆಯ ಮೇಲಿಂದಲೇ ನೋಡಿದ. ಊರೊಳಗೆ ಹೋಗುವ ಹಾಗಿರಲಿಲ್ಲ. ಹುಲ್ಲಪ್ಪನ ತೊಗರಿಗೆ ಕೀಡಿ ಹತ್ತಿತು, ಜಾಫರಸಾಬನದಕ್ಕೆ ಹತ್ತಲಿಲ್ಲ. ಯಾಕೆಂಬುದರಲ್ಲಿ ಊರಿನಲ್ಲಿ ಎರಡು ಅಭಿಪ್ರಾಯಗಳಿರಲಿಲ್ಲ. ಮರುವರ್ಷ ಸಜ್ಜೆಯನ್ನು ಒಂದು ದಂಟೂ ಬಿಡದೆ ಕೊಯ್ದರು.